ಉಮ್ಮರಾಕನ ಹೀಟರ್

ಗಲ್ಫಿನ ಇಬ್ರಿಯಲ್ಲಿ ಎಸಿ, ಹೀಟರ್ ಕೆಟ್ಟರೆ ನಮ್ಮೂರ ಕಡೆಯವರೆಲ್ಲ ಮೊದಲು ಕರೆಯುವುದು ಬೆಳ್ತಂಗಡಿ ಕಡೆಯ ಸೇಸಪ್ಪನನ್ನು. ಕಳೆದ ಚಳಿಗಾಲದಲ್ಲಿ ಹಸೀಬಾ ಫೋನ್ ಮಾಡಿದಳು. ಸೂಕ್‌ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಉಮ್ಮರಾಕನ ಮಗಳು. ಉಮ್ಮರಾಕ ಅದರ ಹಿಂದಿನ ರಮ್ಝಾನಿನಲ್ಲಿ ತೀರಿಹೋಗಿದ್ದರು.

"ಸೇಸಪ್ಪಣ್ಣ, ಮನೆಯ ಹೀಟರ್ ತನ್ನಷ್ಟಕ್ಕೇ ಆನ್ ಆಗ್ತದೆ. ಸರಿಯಾಗಿ ಬೆಳಗಿನ ಜಾವ, ಸುಬಹಿ ಬಾಂಗಿನ ಹೊತ್ತಿಗೆ. ಅದು ಬಾಪನೇ ಅಂತಾರೆ ಉಮ್ಮ. ನನಗೆ ಹೆದರಿಕೆ ಆಗ್ತದೆ."

ಉಮ್ಮರಾಕನ ಹೆಂಡತಿ ಅಮೀನತ್‌ಗೆ ಮಂಡಿನೋವು. ಅವಳು ನಮಾಝಿಗೆ ಏಳುವ ಮೊದಲು ಹಾಲ್ ಬೆಚ್ಚಗಿರಲೆಂದು ಉಮ್ಮರಾಕ ದಿನಾ ತಾವೇ ಎದ್ದು ಹೀಟರ್ ಹಾಕುತ್ತಿದ್ದರಂತೆ.

ಮರುದಿನ ಬೆಳಕು ಹರಿಯುವ ಮುಂಚೆ ಸೇಸಪ್ಪ ಹೋದ. ಹೀಟರ್ ಆನ್-ಆಫ್ ಮಾಡುವ ಗೋಡೆಯ ಮೇಲಿನ ಥರ್ಮೋಸ್ಟಾಟ್ ಆಫ್ ಆಗಿಯೇ ಇತ್ತು. ಕೆಟ್ಟಿರುವುದು ಇದೇ ಎಂದುಕೊಂಡು ಸ್ಕ್ರೂ ಬಿಚ್ಚಿ, ವಯರುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿ, ಅದನ್ನು ಕೈಗೆ ತೆಗೆದುಕೊಂಡ. ಹೊರಗೆ ಬಾಂಗ್ ಶುರುವಾಯಿತು. ತಲೆಯ ಮೇಲೆ ಗಾಳಿ ಬರುವ ಜಾಲರಿ ಟಕ್ಕೆಂದಿತು. ಬೆಚ್ಚನೆಯ ಗಾಳಿ ಅವನ ಕತ್ತಿನ ಮೇಲೆ ಬಂದು ಬಿತ್ತು.

ಸೇಸಪ್ಪ ತಲೆಯೆತ್ತಿ ಜಾಲರಿ ನೋಡಿದ. ಥರ್ಮೋಸ್ಟಾಟ್ ಇನ್ನೂ ಅಂಗೈಯಲ್ಲೇ ಇತ್ತು.

"ನೋಡಿದಿರಾ?" ಎಂದಳು ನಮಾಝಿನ ಚಾಪೆ ಹಿಡಿದು ನಿಂತಿದ್ದ ಅಮೀನತ್.

 ಹಿಂದೆ ಸೇಸಪ್ಪ ಇದೇ ದೇಶದ ದುಕ್ಮ್‌ನ ಲೇಬರ್ ಕ್ಯಾಂಪಿನಲ್ಲಿದ್ದಾಗ ಹೆಂಡತಿ ವಾರಿಜಾಕ್ಷಿ ಊರಲ್ಲಿ ಸತ್ತಿದ್ದಳು. ಮುಖ ನೋಡಲೂ ಸಿಕ್ಕಿರಲಿಲ್ಲ. ಕನಸಿನಲ್ಲಾದರೂ ಬಂದು ಬೈದಾಳೆಂದು ಅವನು ಬಹಳ ಕಾಲ ಕಾದಿದ್ದ. ಆ ಬಿಸಿ ಗಾಳಿಯಲ್ಲಿ ನಿಂತಾಗ ಅವಳ ಹೆಸರು ನಾಲಗೆಯ ತುದಿಗೆ ಬಂತು.

ಆಮೇಲೆ ಟಾರ್ಚ್ ಹಿಡಿದು ಟೆರೇಸಿಗೆ ಹತ್ತಿದ. ಅಲ್ಲಿದ್ದ ಎಸಿ ಯೂನಿಟ್ಟಿನಿಂದ ಥರ್ಮೋಸ್ಟಾಟ್ ಕಡೆಗೆ ಹೋಗುವ ವಯರನ್ನು ಕಳಚಿದ, ಹೀಟರ್ ನಿಂತಿತು. ಅಂದರೆ ಯೂನಿಟ್ ಸರಿಯಿದೆ, ತೊಂದರೆ ವಯರಿನದು. ಮೀಟರ್ ಇಟ್ಟರೆ ಬೀಪ್ ಅಂದಿತು, ಎಲ್ಲೋ ತಂತಿಗಳು ಕೂಡಿಕೊಂಡಿವೆ. ವಯರ್ ಹಿಡಿದುಕೊಂಡೇ ಹೋದ. ಪೈಪಿನಿಂದ ಅದು ಹೊರಬರುವಲ್ಲಿ ಬಿಸಿಲಿಗೆ ಹೊದಿಕೆ ಸುಟ್ಟು ಸೀಳಿತ್ತು. ಹಸಿರುಗಟ್ಟಿದ ಎರಡು ತಂತಿಗಳ ನಡುವೆ ಬೆಳಗಿನ ಜಾವದ ಇಬ್ಬನಿ ನೀರು ಕೂತು ಎರಡನ್ನೂ ಕೂಡಿಸಿತ್ತು. ಬಟ್ಟೆಯಿಂದ ಒರೆಸಿದ. ಮೀಟರ್ ಸುಮ್ಮನಾಯಿತು.

ಕೆಳಗೆ ಬಂದು ಅಮೀನತ್‌ಗೆ ಎಲ್ಲ ಹೇಳಿದ.

"ಹಾಗೇ ಬಿಟ್ಟರೆ ಆಗುದಿಲ್ವಾ?"

"ಆಗುದಿಲ್ಲ ಅಮೀನತಕ್ಕ. ಇಲ್ಲಿಂದ ಆಫ್ ಮಾಡಿದರೂ ಅದು ಕೇಳುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹೊತ್ತಿಕೊಂಡರೆ?"

"ನಿಮಗೆ ಹೀಗೆ ಯಾರಾದರೂ ಬಂದಿದ್ದರೆ ವಯರ್ ಬದಲಿಸ್ತಿದ್ದಿರಾ?"

ಸೇಸಪ್ಪ ತಲೆ ತಗ್ಗಿಸಿ ಹೊಸ ವಯರ್ ಎಳೆಯತೊಡಗಿದ.

ಮರುದಿನ ಬೆಳಗ್ಗೆ ಅಮೀನತ್‌ಳ ಫೋನ್. "ಇವತ್ತು ಬರ್ಲಿಲ್ಲ," ಎಂದಳು, ಅಷ್ಟೆ.

ಅವನು ಕೆಲಸಕ್ಕೆ ಹೋಗುವ ಬದಲು ಅಲ್ಲಿಗೆ ಹೋದ. ಹಾಲ್ ತಣ್ಣಗಿತ್ತು. ಅಮೀನತ್ ಸುಲೈಮಾನಿ ಚಹಾ ತಂದಿಟ್ಟಳು. ಅವನು ವಾರಿಜಾಕ್ಷಿಯ ವಿಷಯ ಹೇಳಿದ, ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು. ಅಮೀನತ್ ಕೇಳಿಸಿಕೊಂಡಳು. ಹೀಟರಿನ ಸ್ವಿಚ್ ಕೈಗೆಟುಕುವಷ್ಟು ಹತ್ತಿರವಿದ್ದರೂ ಇಬ್ಬರೂ ಶಾಲು ಹೊದ್ದು ಹಾಗೇ ಕೂತರು.

ಕೊನೆಗೆ ಹಸೀಬಾ ನಡುಗುತ್ತಾ ಎದ್ದು ಬಂದಳು. "ಏನು ಚಳಿ!" ಎಂದು ಹೀಟರಿನ ಸ್ವಿಚ್ ಒತ್ತಿದಳು. ಬೆಚ್ಚನೆಯ ಗಾಳಿ ಬಂತು. ಅಮೀನತ್ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.