ಕಾಗದನಗರದಲ್ಲಿ ಕೇಳಿದ ಸೈರನ್

ಇಲ್ಲದ ಸದ್ದು ಕಿವಿಗೆ ಬಿತ್ತು ಅನ್ನುವವರನ್ನು ನಾನು ಮುಖದ ಮೇಲೇ ಗೇಲಿ ಮಾಡುತ್ತಿದ್ದವನು. ಮೊದಲು ಡಾಕ್ಟರಿಗೆ ಕಿವಿ ತೋರಿಸಿ ಮಾರಾಯ್ರೇ ಅನ್ನುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನಗಂತೂ ಇದನ್ನು ಹೇಳುವಾಗ ಹೆದರಿಕೆಗಿಂತ ನಾಚಿಕೆಯೇ ಜಾಸ್ತಿ.

ಎರಡು ಸಾವಿರದ ಇಸವಿಯ ಆಸುಪಾಸು. ಗಡಿಯ ಪಕ್ಕದಲ್ಲೇ ನಮ್ಮ ಸೈನ್ಯ ದೊಡ್ಡ ಸಮರಾಭ್ಯಾಸ ನಡೆಸುತ್ತಿತ್ತು. ಪಕ್ಕದ ದೇಶ ನಮ್ಮ ರಾಯಭಾರಿಯನ್ನು ಕರೆಸಿ ಆಕ್ಷೇಪ ಹೇಳಿದೆ ಅಂತ ಪೇಪರಿನಲ್ಲಿ ಬಂದಿತ್ತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ನನ್ನ ಅಂಗಡಿಯಲ್ಲಿ ವಾರವೆಲ್ಲ ಇದೇ ಮಾತು. ಭಾನುವಾರ ಮಧ್ಯಾಹ್ನ ಭದ್ರಾವತಿಗೆ, ಕಾಗದನಗರದ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಅಕ್ಕನ ಮನೆಗೆ ಊಟಕ್ಕೆ ಹೋದಾಗಲೂ ಅದನ್ನೇ ಶುರು ಮಾಡಿದೆ. ಪಕ್ಕದ ಮನೆಯ ಸರೋಜಮ್ಮ ಪಲ್ಯ ಕೊಡಲು ಬಂದವರು ಬಾಗಿಲಲ್ಲೇ ನಿಂತಿದ್ದರು. ಅವರ ಮಗ ಮಂಜು ಸೈನ್ಯದಲ್ಲಿದ್ದ, ಆ ಅಭ್ಯಾಸಕ್ಕೇ ಹೋಗಿದ್ದ. ಆಚೆಯವರು ಇದನ್ನು ನಿಜವಾದ ದಾಳಿ ಅಂದುಕೊಂಡುಬಿಟ್ಟರೆ ಮಗನ ಗತಿಯೇನು ಅಂತ ಅವರಿಗೆ ಭಯ. ಬರೀ ಅಭ್ಯಾಸಕ್ಕೆ ಹೆದರುವವರು ಗಂಡಸರಾ, ಇನ್ನೂ ಹತ್ತಿರ ಹೋಗಿ ನಡೆಸಬೇಕು ಅಂತ ನಾನು ಅನ್ನ ಕಲೆಸುತ್ತಾ ಜಂಬ ಕೊಚ್ಚಿದೆ.

ಆಗಲೇ ಕಾರ್ಖಾನೆಯ ಸೈರನ್ ಕೂಗಿತು. ಶಿಫ್ಟು ಬದಲಾಗುವ ಹೊತ್ತಲ್ಲ. ಏರುತ್ತಾ ಇಳಿಯುತ್ತಾ ನಿಲ್ಲದೆ ಕೂಗಿತು. ಯುದ್ಧ ಶುರುವಾಯಿತು, ಇನ್ನೇನು ಬಾಂಬು ಬೀಳುತ್ತದೆ ಅಂತಲೇ ನನಗನ್ನಿಸಿತು. ಎಂಜಲು ಕೈಯಲ್ಲೇ ಸರೋಜಮ್ಮನನ್ನು ಪಕ್ಕಕ್ಕೆ ತಳ್ಳಿ ಮೈದಾನಕ್ಕೆ ಓಡಿದೆ. ಅಕ್ಕನ ನೆನಪೂ ಬರಲಿಲ್ಲ. ಆ ಸಾಲಿನ ಮನೆಯವರೆಲ್ಲ ಗಾಬರಿಯಾಗಿ ಬೀದಿಗೆ ಬಂದಿದ್ದರು, ಹಾಗಾಗಿ ಕೇಳಿಸಿದ್ದು ನನಗೊಬ್ಬನಿಗೇ ಅಲ್ಲ.

ಭಾವ ಸೈಕಲ್ ಹತ್ತಿ ಕಾರ್ಖಾನೆ ಗೇಟಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಸೈರನ್ನನ್ನು ಯಾರೂ ಹಾಕಿಯೇ ಇಲ್ಲವಂತೆ. ಒಳಗೆ ಡ್ಯೂಟಿಯಲ್ಲಿದ್ದ ಒಬ್ಬರಿಗೂ ಕೇಳಿಸಿಲ್ಲವಂತೆ.

ನಾನು ತಲೆ ತಗ್ಗಿಸಿಕೊಂಡು ವಾಪಸ್ ಬಂದೆ. ಸರೋಜಮ್ಮನ ಸೀರೆಯ ಮೇಲೆ, ಹೆಗಲ ಹತ್ತಿರ, ನನ್ನ ಬೆರಳುಗಳ ಸಾರಿನ ಗುರುತು ಎದ್ದು ಕಾಣುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ಕೈಯಲ್ಲಿ ಅನ್ನ ಇತ್ತು ಕಣಪ್ಪ, ಸೀರೆಗಷ್ಟೇ ಆಯ್ತು," ಅಂದರು. "ಅಲ್ಲಿ ಆಚೆಯೋರ ಕೈಯಲ್ಲಿ ಬಂದೂಕು ಇರುತ್ತಲ್ಲ."

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮುಂದೆ ಮಂಜು ಕ್ಷೇಮವಾಗಿ ರಜಕ್ಕೆ ಬಂದ, ದೇವರು ದೊಡ್ಡವನು. ಆ ಸೈರನ್ ಎಲ್ಲಿಂದ ಬಂತು, ಯಾಕೆ ಬಂತು, ಇವತ್ತಿಗೂ ನನಗೆ ತಿಳಿದಿಲ್ಲ. ಯುದ್ಧದ ಮಾತು ಬಂದಾಗ ಮಾತ್ರ ಸರೋಜಮ್ಮನ ಸೀರೆಯ ಮೇಲಿದ್ದ ಆ ಸಾರಿನ ಗುರುತು ಕಣ್ಣ ಮುಂದೆ ಬರುತ್ತದೆ.