ನುಗ್ಗೆಕಾಯಲ್ಲ, ಕೋವಿ

ಇದನ್ನು ನೀವು ನಂಬುವುದಿಲ್ಲ ಎಂದು ಈಗಲೇ ಪಂಥ ಕಟ್ಟುತ್ತೇನೆ. ನನ್ನ ಮಾತು ನಂಬಿ ಪೆಚ್ಚಾದವರು ಊರ ತುಂಬ ಇದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿ, ನನ್ನಷ್ಟು ಜನರನ್ನು ಮಂಗ ಮಾಡಿದ ಇನ್ನೊಬ್ಬ ಮುದುಕ ಸಿಕ್ಕಿದರೆ ಮೀಸೆ ಬೋಳಿಸುತ್ತೇನೆ.

ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಬೆಳೆ ಕಾಯಲು ನನ್ನ ಹತ್ತಿರವೂ ಒಂದು ಒಂಟಿ ನಳಿಗೆಯದು ಇದೆ. ಅದನ್ನು ಕಂಬಳಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಮೊಣಕಾಲುಗಳ ನಡುವೆ ನಿಲ್ಲಿಸಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಶಿರಸಿಗೆ ಹೊರಟೆ. ಲೈಸೆನ್ಸ್ ಪುಸ್ತಕ ಅವಳ ಚೀಲದಲ್ಲಿತ್ತು.

ಎಕ್ಕಂಬಿ ಹತ್ತಿರ ಚೆಕ್‌ಪೋಸ್ಟ್. ಹಿಂದಿನ ವಾರ ಅಲ್ಲೇ, ಟವೆಲಿನಲ್ಲಿ ಸುತ್ತಿದ ನುಗ್ಗೆಕಾಯಿ ಕಟ್ಟು ತೋರಿಸಿ "ಹುಷಾರು, ಕೋವಿ ಉಂಟು" ಎಂದು ಹೆದರಿಸಿ, ಕೊನೆಗೆ ಅವರದೇ ಚಹಾ ಕುಡಿದು ಬಂದಿದ್ದೆ.

"ಇವತ್ತಾದ್ರೂ ಬಾಯಿ ಮುಚ್ಕಂಡಿರಿ," ಎಂದು ಹೆಂಡತಿ ಬೆನ್ನಿಗೆ ತಿವಿದಳು.

ಕೈ ಅಡ್ಡ ಹಿಡಿದವನು ಅದೇ ಪೊಲೀಸ್, ಹಾವೇರಿ ಕಡೆಯವನು. ಬ್ರೇಕ್ ಹಾಕಿ, ಹೆಂಡತಿ ಇಳಿದು ಪಕ್ಕಕ್ಕೆ ನಿಲ್ಲುತ್ತಿದ್ದಂತೆ ನನಗೆ ನೆನಪಾಯಿತು. ಬೆಳಿಗ್ಗೆ ಗೋವಿನಜೋಳಕ್ಕೆ ಮಂಗಗಳು ನುಗ್ಗಿದಾಗ, ಸದ್ದು ಮಾಡಿ ಓಡಿಸಲು ಗುಂಡು ಹಾಕಿಕೊಂಡು ಹೋಗಿದ್ದೆ. ನಾನು ಬೇಲಿ ದಾಟುವಷ್ಟರಲ್ಲಿ ಅವು ಪರಾರಿ. ಆಮೇಲೆ ಗುಂಡು ತೆಗೆದೆನೆ? ತೆಗೆದ ನೆನಪಿಲ್ಲ.

"ಏನ್ರೀ ಅಜ್ಜಾರ, ಇವತ್ತೂ ನುಗ್ಗಿಕಾಯೇನ್ರಿ?"

"ಅಲ್ಲ ಮಾರಾಯಾ, ಖರೇ ಕೋವಿ. ಮುಟ್ಬೇಡ."

"ಹೋದ ವಾರನೂ ಖರೇನ ಇತ್ತಲ್ರಿ!" ಎಂದು ನಗುತ್ತ ಕಂಬಳಿಯ ಕಟ್ಟನ್ನೇ ಎಳೆದುಕೊಂಡ.

ಕಂಬಳಿ ಅರ್ಧ ಜಾರಿತು. ನಳಿಗೆಯ ಬಾಯಿ ನೇರ ಹೆಂಡತಿಯ ಹೊಟ್ಟೆಗೆ. ಅವನ ಬೆರಳು ಕಂಬಳಿಯೊಳಗೆ ಎಲ್ಲಿದೆಯೋ ಕಾಣುತ್ತಿಲ್ಲ. ಗುಂಡು ಇದೆ ಎಂದು ಕೂಗಲು ಹೋದೆ, ಬರೀ ಗಾಳಿ ಬಂತು. ಮೂರು ತಾಲೂಕಿನ ಬಾಯಿಬಡುಕನಿಗೆ ನಾಲಿಗೆಯೇ ಇಲ್ಲ!

"ಎಂತ ನಾಟಕ, ಮುಖ ನೋಡಿ!" ಹೆಂಡತಿ ನಗುತ್ತ ನಿಂತಲ್ಲೇ ನಿಂತಿದ್ದಳು.

ಟೆಂಟಿನೊಳಗಿದ್ದ ಹವಾಲ್ದಾರ ಮಾತ್ರ ನನ್ನ ಮುಖ ನೋಡಿ ನಗಲಿಲ್ಲ. "ಏ, ಅಲ್ಲಾಡಬ್ಯಾಡ!" ಎನ್ನುತ್ತ ಬಂದು, ನಳಿಗೆ ಹಿಡಿದು ಆಕಾಶಕ್ಕೆ ಎತ್ತಿದ. ನಿಧಾನಕ್ಕೆ ಕೋವಿ ಬಿಚ್ಚಿ ನೋಡಿದ.

"ಖಾಲಿ ಐತಿ," ಎಂದ. ಪುಸ್ತಕ ನೋಡಿ, "ಹೋಗ್ರಿ ಅಜ್ಜಾರ" ಎಂದು ಕಳಿಸಿದ.

ನುಗ್ಗೆಕಾಯಿ ಆಟ ಯಾರಿಗೆ ಬೇಕಿತ್ತು ಎಂದು ಹೆಂಡತಿ ಠಾಣೆಯವರೆಗೂ ಬೈದಳು.

ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ಹವಾಲ್ದಾರ "ಖಾಲಿ ಐತಿ" ಎನ್ನಲಿಲ್ಲ. ಹೆಂಡತಿಗೆ ಬೆನ್ನು ಮಾಡಿ ನಿಂತು, ಒಳಗಿದ್ದ ಗುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಚಿದ. ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.