ಮಗಳು ಹಂಚಿದ ಆಶ್ವಾಸನೆಗಳು

ಕಳೆದ ಭಾನುವಾರ ಸಂಜೆ ಐದಕ್ಕೆ ನಮ್ಮ ಮನೆ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. ನೀಟಾಗಿ ಬಾಚಿದ ತಲೆ, ಕೈಯಲ್ಲಿ ಗಿಫ್ಟ್, ಮುಖದಲ್ಲಿ ಬಾಕಿ ವಸೂಲಿಗೆ ಬಂದವರ ಗಾಂಭೀರ್ಯ. ಒಳಗೆ ಬಾ ಅಂದೆ. ಬರಲಿಲ್ಲ.

"ಅಂಕಲ್, ಮೊದಲು ನನ್ನನ್ನು ಎತ್ತಿ ಹಂಚು ಮುಟ್ಟಿಸಿ" ಅಂದ ಕೊಂಕಣಿಯಲ್ಲಿ.

ಯಾಕಪ್ಪಾ ಅಂತ ಕೇಳಿದೆ.

"ಚೈತ್ರಾ ಪ್ರಾಮಿಸ್ ಮಾಡಿದ್ದಾಳೆ."

ಎತ್ತಿದೆ. (ನೋಡಲು ತೆಳ್ಳಗಿದ್ದ. ತೂಕವನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ ಗೊತ್ತಿಲ್ಲ.) ನಮ್ಮ ತಗ್ಗು ಸೂರಿನ ಹಂಚನ್ನು ಎರಡು ಬೆರಳಿನಿಂದ ಮುಟ್ಟಿ, ಬೆರಳಿಗೆ ಹತ್ತಿದ ಮಸಿ ನೋಡಿಕೊಂಡು, ತೃಪ್ತಿಯಿಂದ ಗಿಫ್ಟ್ ಕೊಟ್ಟು ಒಳಗೆ ಹೋದ. ಹೆಸರು ರೋಯ್ಸ್ಟನ್ ಅಂತ ಆಮೇಲೆ ಗೊತ್ತಾಯಿತು. ಅವನು ಇರುವುದು ಫ್ಲ್ಯಾಟಿನಲ್ಲಿ. ಹಂಚು ಅವನಿಗೆ ಹೊಸದು.

ಇದು ಎಲ್ಲಿಂದ ಶುರುವಾಯಿತು ಅಂತ ಹೇಳಬೇಕಾದರೆ ಒಂದು ವಾರ ಹಿಂದಕ್ಕೆ ಹೋಗಬೇಕು.

ಚೈತ್ರಾ ನನ್ನ ಮಗಳು. ಮೂರನೇ ಕ್ಲಾಸು. ಗೋವಾದ ಕುಂಕಳ್ಳಿಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ನಾನು ವೆರ್ಣಾದ ಫ್ಯಾಕ್ಟರಿಯಲ್ಲಿ ದುಡಿಯುವವನು (ಈ ಅಂಕಣದ ಅರ್ಧ ಭಾಗ ಕಂಪನಿ ಬಸ್ಸಿನಲ್ಲೇ ತಯಾರಾಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ). ಹೆಂಡತಿ ಸವಿತಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ರೋಣದಿಂದ ಬಂದ ನಮ್ಮವ್ವ ನಾಲ್ಕು ತಿಂಗಳಿಂದ ನಮ್ಮ ಜೊತೆಗಿದ್ದಾಳೆ.

ಈ ಸಲ ಚೈತ್ರಾಳಿಗೆ ಎಂಟು ತುಂಬುತ್ತಿತ್ತು. ಅವಳ ಕ್ಲಾಸಿನ ಹುಡುಗಿಯೊಬ್ಬಳ ಬರ್ತ್‌ಡೇ ಹಾಲ್‌ನಲ್ಲಿ ಆಗಿತ್ತಂತೆ. ಅಲ್ಲಿ ಗಾಳಿ ತುಂಬಿದ ಕೋಟೆಯಂತೆ, ಅದರೊಳಗೆ ಮಕ್ಕಳು ಜಿಗಿಯುತ್ತಿದ್ದರಂತೆ. ನಮ್ಮ ಮನೆಯೊಳಗೆ ಆ ಕೋಟೆ ತಂದರೆ ನಾವು ಹೊರಗೆ ನಿಲ್ಲಬೇಕು.

"ಹಾಲ್ ಬ್ಯಾಡ, ಕೇಟರಿಂಗ್ ಬ್ಯಾಡ. ಮನ್ಯಾಗ ಚಂದಾಗಿ ಮಾಡೂಣ್ರಿ" ಅಂದಳು ಸವಿತಾ. ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ.

ಆಮೇಲೆ ದಿನಾ ಊಟದ ಹೊತ್ತಿಗೆ ಪ್ಲ್ಯಾನಿಂಗ್ ಮೀಟಿಂಗ್. ಗೋಡೆಗೆ ಅವ್ವನ ಇಳಕಲ್ ಸೀರೆಯ ಪರದೆ. ಚೌತಿಗೆ ತಂದ ದೀಪದ ಸರ ಟ್ರಂಕಿನಿಂದ ಹೊರಗೆ. ತಿನ್ನಲು ಗಿರ್ಮಿಟ್ಟು, ಶಿರಾ. ಕುಡಿಯಲು ಕೋಕಂ ಶರಬತ್ತು. ಹೊಸ ಫ್ರಾಕು ಸವಿತಾಳ ಬಳಿ ಉಳಿದ ಬ್ಲೌಸ್ ತುಂಡುಗಳಿಂದ. ಎಲ್ಲ ಸುಸೂತ್ರ. ತಕರಾರು ಬಂದದ್ದು ಕೇಕಿನದು.

"ಎಷ್ಟ ಹುಡುಗ್ರು ಬರ್ತಾವ ಅಂತ ತಿಳೀದ ಬೇಕರಿಯವಗ ಏನಂತ ಹೇಳ್ಲಿರಿ?" ಅಂದಳು ಸವಿತಾ.

"ಈ ಗೂಡಿನಂಥ ಮನಿಗೆ ಯಾರ ಬರ್ತಾರ ಬಿಡ. ನಾಕ ಮಂದಿ ಬಂದ್ರ ಭಾಳ ಆತು. ಅರ್ಧ ಕೇಜಿ ಸಾಕು" ಅಂದೆ.

ಎದುರಿಗೇ ಕೂತಿದ್ದ ಚೈತ್ರಾ ಅನ್ನ ಕಲಸುತ್ತಿದ್ದಳು. ನಾನು ಮಜ್ಜಿಗೆ ಕೇಳಿದೆ.

ಮತ್ತೆ ಭಾನುವಾರಕ್ಕೆ ಬರೋಣ. ರೋಯ್ಸ್ಟನ್ ಹಿಂದೆಯೇ ಅಲೀಶಾ ಅನ್ನುವ ಹುಡುಗಿ ಬಂದಳು. ನನ್ನನ್ನು ದಾಟಿ ನೆಟ್ಟಗೆ ಅವ್ವನ ಮುಂದೆ ನಿಂತು, "ಆಜಿ, ಹಾತ್ ದಾಖಯ್" ಅಂದಳು.

ಅವ್ವನಿಗೆ ಕೊಂಕಣಿ ಬಾರದು. "ಏನ ಬೇಡತೈತೋ ಕೂಸು? ರೊಕ್ಕಾ ಏನ?" ಅಂತ ನನ್ನತ್ತ ನೋಡಿದಳು.

"ನಿನ್ನ ಕೈ ತೋರಸಬೇಕಂತ."

ಅವ್ವನ ಎರಡೂ ಮುಂಗೈ ತುಂಬ ಹಚ್ಚೆ ಇದೆ. ಒಂದರ ಮೇಲೆ ಚೇಳು, ಇನ್ನೊಂದರ ಮೇಲೆ ತೊಟ್ಟಿಲು, ಅದರ ಕೆಳಗೆ ನಮ್ಮಪ್ಪನ ಹೆಸರು. ಇಲ್ಲಿಗೆ ಬಂದಾಗಿನಿಂದ ಹೊರಗೆ ಹೋಗುವಾಗೆಲ್ಲ ಅದರ ಮೇಲೆ ಸೆರಗು ಹೊದೆಯುತ್ತಾಳೆ. "ಇಲ್ಲೀ ಮಂದಿ ಹಳ್ಳಿಯಾಕಿ ಅಂತಾರ" ಅನ್ನುವುದು ಅವಳ ವಾದ. ಅವತ್ತು ಅನುಮಾನಿಸುತ್ತಲೇ ಸೆರಗು ಸರಿಸಿ, ಬಳೆ ಹಿಂದಕ್ಕೆ ತಳ್ಳಿ ಕೈ ಚಾಚಿದಳು. ಮಕ್ಕಳು ಮುತ್ತಿಕೊಂಡರು. ನೋವಾಗಿತ್ತಾ ಅಂತ ಒಬ್ಬಳು ಕೇಳಿದಳು. ನಾನು ಅನುವಾದಿಸಿದೆ.

"ಭಾಳ ಅತ್ತಿದ್ದೆ ಅಂತ ಹೇಳ" ಅಂದಳು ಅವ್ವ. ಹತ್ತು ನಿಮಿಷದಲ್ಲಿ ನನ್ನ ಜೇಬಿನ ಬಾಲ್‌ಪೆನ್ ಅವಳ ಕೈಗೆ ಹೋಗಿತ್ತು. ಸಾಲಾಗಿ ಕೂತ ಮುಂಗೈಗಳ ಮೇಲೆ ಸಾಲಾಗಿ ಚೇಳುಗಳು.

ಅಷ್ಟರಲ್ಲಿ ಇಬ್ಬರು ಹುಡುಗಿಯರು ಹೊಲಿಗೆ ಮಷೀನಿನ ಮುಂದೆ ಕ್ಯೂ ನಿಂತಿದ್ದರು. ತಲಾ ಒಂದು ಸಾಲು ಹೊಲಿಯಬಹುದು ಅಂತ ಅವರಿಗೆ ಪ್ರಾಮಿಸ್. ಸವಿತಾ ಗಿರಾಕಿಯ ಬ್ಲೌಸನ್ನು ಓಡಿ ಹೋಗಿ ಎತ್ತಿಟ್ಟು, ಹಳೇ ದಿಂಬಿನ ಚೀಲ ತಂದು ಸೂಜಿಯ ಕೆಳಗೆ ಇಟ್ಟಳು.

ಮಗಳನ್ನು ಅಡುಗೆಮನೆಗೆ ಕರೆದೆ. "ಒಟ್ಟ ಎಷ್ಟ ಮಂದಿಗೆ ಏನೇನ ಹೇಳೀಯವಾ?"

"ಹನ್ನೊಂದ ಮಂದಿಗೆ."

"ಎಲ್ಲಾರೂ ಬಂದಾರೇನು?"

"ಹೂಂ. ಇನ್ನೊಂದ ಪ್ರಾಮಿಸ್ ಉಳದೈತಿ, ಪಪ್ಪಾ. ಅದು ಕೇಕ್ ಟೈಮಿಗೆ."

ಹನ್ನೊಂದು ಮಕ್ಕಳು, ಅರ್ಧ ಕೇಜಿ ಕೇಕು. ನನಗೆ ಆ ಚಿಂತೆಯೇ ಸಾಕಾಗಿತ್ತು. ಪ್ರಾಮಿಸ್ ಯಾವುದು ಅಂತ ಕೇಳಲಿಲ್ಲ.

ಮೇಣದಬತ್ತಿ ಹಚ್ಚಿದೆವು. ಇಳಕಲ್ ಸೀರೆಯ ಮುಂದೆ ಬಣ್ಣಬಣ್ಣದ ತುಂಡುಗಳ ಫ್ರಾಕಿನಲ್ಲಿ ಮಗಳು ನಿಂತಳು. ಸವಿತಾ ಮೊಬೈಲ್ ಹಿಡಿದಳು. ಈ ಒಂದು ಫೋಟೋಗಾಗಿ ಅವಳು ನಾಲ್ಕು ದಿನ ಆ ಫ್ರಾಕು ಹೊಲಿದಿದ್ದಳು. ಚೈತ್ರಾ ದೀಪ ಊದಿದಳು. ಚಾಕು ಎತ್ತಿಕೊಂಡಳು. ಎತ್ತಿಕೊಂಡು, ಪಕ್ಕದಲ್ಲಿದ್ದ ಜೆನಿಟಾಳ ಕೈಗೆ ಕೊಟ್ಟಳು. ಜೆನಿಟಾ ಕ್ಲಾಸಿನಲ್ಲಿ ಅವಳ ಬೆಂಚಿನವಳು.

"ಏ, ನೀ ಕಟ್ ಮಾಡಬೇಕು. ಫೋಟೋ ಹೊಡ್ಯಾಕತ್ತೇನಿ" ಅಂದಳು ಸವಿತಾ.

"ಇಲ್ಲ ಮಮ್ಮಿ. ಆಕಿಗೆ ಹೇಳೇನಿ. ಆಕೀನ ಕಟ್ ಮಾಡೂದು."

"ಇವತ್ತ ಹುಟ್ಟಿದಾಕಿ ಯಾರವಾ?" ಅಂತ ಅವ್ವ ಮೆಲ್ಲಗೆ ಕೇಳಿದಳು. ಸವಿತಾ ನನ್ನ ಮುಖ ನೋಡಿದಳು. ನಿಮ್ಮ ಮಗಳಿಗೆ ಹೇಳ್ರಿ ಅನ್ನುವ ನೋಟ ಅದು. ತಪ್ಪು ಮಾಡಿದಾಗ ಮಾತ್ರ ಅವಳು ನನ್ನ ಮಗಳು. ನಾನು ಗಂಟಲು ಸರಿಮಾಡಿಕೊಂಡೆ, ಆದರೆ ಏನು ಹೇಳಬೇಕು? ಕೊಟ್ಟ ಮಾತು ಉಳಿಸಿಕೊಳ್ಳಬೇಡ ಅಂತಲೇ?

ಜೆನಿಟಾ ಚಾಕು ಹಿಡಿದು ಕೆಂಪಾಗಿದ್ದಳು. "ನಾನೇನೂ ಕೇಳಿರಲಿಲ್ಲ ಆಂಟಿ. ಕಟ್ ಮಾಡಲು ಕೊಡದಿದ್ದರೂ ಬರ್ತಿದ್ದೆ" ಅಂದಳು ಕೊಂಕಣಿಯಲ್ಲಿ.

ಚೈತ್ರಾ ಅವಳತ್ತ ತಿರುಗಿದಳು. ಸಂತೆಯಲ್ಲಿ ಹೆಚ್ಚಿಗೆ ದುಡ್ಡು ಕೊಟ್ಟು ಬಂದದ್ದು ಗೊತ್ತಾದರೆ ಹೇಗೆ ನೋಡುತ್ತೇವೋ, ಹಾಗೆ. "ಮೊದಲೇ ಹೇಳಬಾರದಾ?"

ಇನ್ನೇನು ಜೆನಿಟಾ ಚಾಕು ವಾಪಸ್ ಕೊಡುತ್ತಾಳೆ ಅಂತ ನಾವೆಲ್ಲ ಕಾದೆವು. ಅವಳು ಒಂದು ಕ್ಷಣ ಯೋಚಿಸಿದಳು. "ಆದರೂ ಕಟ್ ಮಾಡ್ತೀನಿ" ಅಂದು ಕೇಕಿನ ನಡುವೆ ಚಾಕು ಇಳಿಸಿಯೇಬಿಟ್ಟಳು.

ಮೊದಲು ನಕ್ಕವಳು ಸವಿತಾ. ಫೋಟೋದಲ್ಲಿ ಕೇಕ್ ಕತ್ತರಿಸುತ್ತಿರುವವಳು ಜೆನಿಟಾ, ಬಾಯಿ ತೆರೆದು ಚಪ್ಪಾಳೆ ತಟ್ಟುತ್ತಿರುವವಳು ನಮ್ಮ ಹುಡುಗಿ. ಕೇಕು ಒಬ್ಬೊಬ್ಬರಿಗೆ ಪೇಡೆಯಷ್ಟು ಸಿಕ್ಕಿತು. ಶಿರಾ ನಮ್ಮ ಮಾನ ಕಾಯಿತು.

ಎಲ್ಲರೂ ಹೋದ ಮೇಲೆ ಬಲೂನು ಬಿಚ್ಚುತ್ತಾ ಮಗಳನ್ನು ಕೇಳಿದೆ, ಇದೆಲ್ಲ ಯಾಕೆ ಹೇಳಿದೆ ಅಂತ.

"ನೀನ ಅಂದೆಲ್ಲಾ ಪಪ್ಪಾ, ಈ ಮನಿಗೆ ಯಾರ ಬರ್ತಾರ ಅಂತ" ಅಂದಳು, ಸಿಟ್ಟಿಲ್ಲದೆ. "ಅದಕ್ಕ ವಿಚಾರ ಮಾಡಿದೆ. ಅವರ ಮನ್ಯಾಗ ಇಲ್ಲದ್ದು ನಮ್ಮ ಮನ್ಯಾಗ ಏನೇನ ಐತಿ ಅಂತ. ಆಯಿ ಹಚ್ಚಿ ಕೈ ಐತಿ, ಮಷೀನ ಐತಿ, ಹಂಚ ಐತಿ. ಜೆನಿಟಾಗ ಕೊಡಾಕ ಏನೂ ಉಳೀಲಿಲ್ಲ. ಅದಕ್ಕ ಕೇಕ್."



ಕಡಿಮೆ ಖರ್ಚಿನಲ್ಲಿ ಬರ್ತ್‌ಡೇ ಮಾಡುವುದು ತಪ್ಪಲ್ಲ. ಇದ್ದಷ್ಟರಲ್ಲಿ ಮಾಡುವುದನ್ನು ಮಕ್ಕಳು ನೋಡಲಿ ಅನ್ನುವವನು ನಾನು. ಆದರೆ ಉಳಿತಾಯದ ಲೆಕ್ಕದ ಜೊತೆಗೆ ಅವಳ ತಟ್ಟೆಗೆ ನಾನು ಬಡಿಸಿದ್ದು ನನ್ನ ಸಂಕೋಚವನ್ನು. ನಾನೋ ಅಂದು ಮಜ್ಜಿಗೆ ಕುಡಿದು ಎದ್ದೆ. ಅವಳು ಆ ಸಂಕೋಚವನ್ನು ಸ್ಕೂಲಿಗೆ ಹೊತ್ತುಕೊಂಡು ಹೋದಳು. ನನ್ನ ಥರ ಮುದುಡಿ ಕೂರಲಿಲ್ಲ ಅನ್ನುವುದೊಂದೇ ಸಮಾಧಾನ. ಮನೆಯೆಲ್ಲಾ ಹುಡುಕಿ, ಬಂಡವಾಳವಿಲ್ಲದ ಪ್ರಣಾಳಿಕೆ ಬರೆದಳು. ಪೂರೈಸಿದಳು ಕೂಡ. (ಪ್ರಣಾಳಿಕೆ ಬರೆಯುವ ದೊಡ್ಡವರು ಗಮನಿಸಬೇಕು.)

ಅವ್ವ ಮರುದಿನ ಸೆರಗು ಹೊದೆಯದೆ ಅಂಗಡಿಗೆ ಹೋಗಿ ಬಂದಳು. ನಾನು ಮಾತ್ರ ಇನ್ನೂ ಅಲ್ಲೇ ಇದ್ದೇನೆ. ಕಂಪನಿ ಬಸ್ಸಿನಲ್ಲಿ ಆರು ವರ್ಷದಿಂದ ನನ್ನ ಪಕ್ಕದ ಸೀಟಿನಲ್ಲಿ ಕೂರುವವನು ನಾಯಕ್. ನಾನು ಅವನ ಮನೆಗೆ ಎರಡು ಸಲ ಊಟಕ್ಕೆ ಹೋಗಿದ್ದೇನೆ. ನಮ್ಮ ಮನೆಗೆ ಕರೆದಿಲ್ಲ. ದೊಡ್ಡ ಮನೆ ಹಿಡಿದ ಮೇಲೆ ಕರೆದರಾಯಿತು ಅಂತ ಇಟ್ಟುಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಸುಮ್ಮನೆ "ಭಾನುವಾರ ಮನೆಗೆ ಬಾ" ಅಂತಷ್ಟೇ ಹೇಳಿದರೆ, ಆತ ಬರದೇ ಇರುತ್ತಾನೆಯೇ?